ಕಿವಿ-ಮೂಗು-ಗಂಟಲಿಗೆ ಹೊರಗಿನವರು ಕೊಟ್ಟದ್ದು

ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ಸೀಟಿಗಾಗಿ ಕಾದಿರುವ ವಿದ್ಯಾರ್ಥಿಗೆ ಇಎನ್‌ಟಿ ಎಂದರೆ ಬಹುಮಟ್ಟಿಗೆ ಒಂದು ನೆಮ್ಮದಿಯ ಲೆಕ್ಕಾಚಾರ. ಮೂರು ವರ್ಷದ ಎಂ.ಎಸ್., ಆಪರೇಷನ್ನೂ ಉಂಟು, ಹೊರರೋಗಿಗಳೂ ಉಂಟು, ನಡುರಾತ್ರಿಯ ಕರೆಗಳು ತುಸು ಕಡಿಮೆ, ಊರಲ್ಲೇ ಸ್ವಂತ ಕ್ಲಿನಿಕ್ ಹಾಕಿಕೊಳ್ಳಬಹುದು. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೂವರೆ ಶತಮಾನದಲ್ಲಿ ಈ ಶಾಖೆ ಬೆಳೆದ ಬಗೆಯನ್ನು ಗಮನಿಸಿದರೆ ಲೆಕ್ಕಕ್ಕೆ ಸಿಗದ ಸಂಗತಿಯೊಂದು ಎದ್ದು ಕಾಣುತ್ತದೆ. ಇಲ್ಲಿನ ದೊಡ್ಡ ತಿರುವುಗಳಲ್ಲಿ ಹಲವಕ್ಕೆ ಮೂಲ ಹಾಡುಗಾರಿಕೆಯ ಮೇಷ್ಟ್ರು, ಮಸೂರಗಳ ಭೌತವಿಜ್ಞಾನಿ, ವಿದ್ಯುತ್ ಎಂಜಿನಿಯರ್, ಮಾತಿನ ಚಿಕಿತ್ಸಕ ಮುಂತಾದವರು. ಕಾರಣವೂ ಸರಳ. ಕಿವಿ, ಮೂಗು, ಗಂಟಲು ಮೂರೂ ಬೆಳಕು ಹೋಗದ, ಬೆರಳು ಹೊಗದ ಇಕ್ಕಟ್ಟಿನ ಜಾಗಗಳು. ಹೊಟ್ಟೆಯನ್ನು ತೆರೆದು ನೋಡಬಹುದು; ಕಿವಿಯೊಳಗಿನ ಸುಮಾರು ಮೂರು ಮಿಲಿಮೀಟರ್ ಎತ್ತರದ ಸ್ಟೇಪಿಸ್ ಮೂಳೆಯ ಮುಂದೆ ಬರಿಗಣ್ಣೂ ಬರಿಗೈಯೂ ಸೋಲುತ್ತವೆ. ಹಾಗಾಗಿ ಉಪಕರಣವಿಲ್ಲದೆ ಇಲ್ಲಿ ವೈದ್ಯವಿಲ್ಲ, ಉಪಕರಣ ಮಾಡುವವರು ಸಾಮಾನ್ಯವಾಗಿ ವೈದ್ಯರಲ್ಲ. ಈ ಶಾಖೆಯಲ್ಲಿ ನಿಜವಾದ ಮುಂದಾಳುಗಳಾದವರು ಹೊರಗಿನವರನ್ನು ಒಳಗೆ ಕರೆದು ಅವರೊಡನೆ ಸಮಸಮವಾಗಿ ಕೂತವರು ಎಂಬುದು ನನ್ನ ವಾದ.

ಗಂಟಲಿನಿಂದಲೇ ಶುರುಮಾಡೋಣ. 1854ರಲ್ಲಿ ಪ್ಯಾರಿಸ್‌ಗೆ ಹೋಗಿದ್ದ ಸಂಗೀತಗುರು ಮಾನ್ಯುಯೆಲ್ ಗಾರ್ಸಿಯಾ, ದಂತವೈದ್ಯರ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಬಾಯೊಳಗೆ ಕಿರುನಾಲಿಗೆಯವರೆಗೆ ಇಳಿಸಿ, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮದೇ ಧ್ವನಿತಂತುಗಳು ಕೂಡುವುದನ್ನೂ ಬಿಡುವುದನ್ನೂ ಕಂಡರು. ಕಾಯಿಲೆ ಹುಡುಕುವ ಉದ್ದೇಶ ಅವರಿಗಿರಲಿಲ್ಲ. ಸ್ವರ ಎಲ್ಲಿ, ಹೇಗೆ ಹುಟ್ಟುತ್ತದೆಂದು ಶಿಷ್ಯರಿಗೆ ಹೇಳಬೇಕಾದವರ ಕುತೂಹಲ ಅದು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವರ ಬರಹ ಓದಲ್ಪಟ್ಟರೂ ವೈದ್ಯರು ಅಷ್ಟಾಗಿ ಕಿವಿಗೊಡಲಿಲ್ಲ. ಕೆಲವು ವರ್ಷಗಳ ಬಳಿಕ ವಿಯೆನ್ನಾದ ಲುಡ್ವಿಗ್ ಟೂರ್ಕ್ ಇಂಥದೇ ಕನ್ನಡಿಗಳನ್ನು ರೋಗಿಗಳ ಮೇಲೆ ಪ್ರಯೋಗಿಸಿದರು, ಬಿಸಿಲು ಕಡಿಮೆಯಾದಾಗ ಬದಿಗಿಟ್ಟರು. ಅವೇ ಕನ್ನಡಿಗಳನ್ನು ಕಡ ತಂದ ಯೋಹಾನ್ ಚೆರ್ಮಾಕ್ ಬಿಸಿಲಿನ ಬದಲು ದೀಪದ ಬೆಳಕನ್ನು ಬಳಸಿ ಯುರೋಪಿನ ಊರೂರುಗಳಲ್ಲಿ ಪ್ರದರ್ಶನ ಕೊಟ್ಟರು. ಆಮೇಲೆ ಮೊದಲಿಗರು ಯಾರೆಂದು ಇಬ್ಬರಲ್ಲೂ ಜಗಳ! ಗಾರ್ಸಿಯಾ ಮಾತ್ರ ಹಾಡು ಕಲಿಸುತ್ತಲೇ ಉಳಿದರು. 1905ರಲ್ಲಿ ಅವರಿಗೆ ನೂರು ತುಂಬಿದಾಗ ಗಂಟಲು ವೈದ್ಯರು ಲಂಡನ್ನಿನಲ್ಲಿ ಸೇರಿ ಅವರನ್ನು ಸನ್ಮಾನಿಸಿದರು. ಅರ್ಧ ಶತಮಾನ ತಡವಾದರೂ ಋಣ ಒಪ್ಪಿಕೊಂಡದ್ದು ದೊಡ್ಡದೇ.

ಮೂಗಿನ ಕಥೆ ಇನ್ನೂ ಸ್ವಾರಸ್ಯದ್ದು. ಸೈನಸ್ ಸೋಂಕು ಬಿಡದೆ ಕಾಡಿದರೆ ಹಿಂದೆಲ್ಲ ಮೇಲ್ದುಟಿಯ ಒಳಗಿನಿಂದ ಮೂಳೆ ಕೊರೆದು, ಸೈನಸ್ಸಿನ ಒಳಪೊರೆಯನ್ನು ಕೆರೆದು ತೆಗೆದು, ಕೀವು ಹರಿಯಲು ಬೇರೆ ತೂತು ಮಾಡುತ್ತಿದ್ದರು. ನೋವು ಹೆಚ್ಚು, ಕೆಲವರಿಗೆ ಮತ್ತೆ ಅದೇ ಕಾಟ. ಆಸ್ಟ್ರಿಯಾದ ಗ್ರಾಟ್ಸ್ ನಗರದ ವಾಲ್ಟರ್ ಮೆಸರ್‌ಕ್ಲಿಂಗರ್ ಸೈನಸ್ಸುಗಳೊಳಗೆ ಲೋಳೆ ಯಾವ ದಾರಿಯಲ್ಲಿ ಚಲಿಸುತ್ತದೆಂದು ವರ್ಷಗಟ್ಟಲೆ ನೋಡಿದವರು. ಅವರು ಕಂಡದ್ದಿಷ್ಟು: ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಸೈನಸ್ಸಿನ ಸಹಜ ದ್ವಾರದ ಕಡೆಗೇ ತಳ್ಳುತ್ತವೆ, ಪಕ್ಕದಲ್ಲಿ ಎಷ್ಟೇ ದೊಡ್ಡ ತೂತು ಕೊರೆದಿದ್ದರೂ ಲೋಳೆ ಅದನ್ನು ದಾಟಿಕೊಂಡು ಹಳೆಯ ದಾರಿಗೇ ಹೋಗುತ್ತದೆ. ಹಾಗಾದರೆ ಸೈನಸ್ಸನ್ನು ಕೆರೆಯುವುದಕ್ಕಿಂತ ದ್ವಾರದ ಬಳಿಯ ಇಕ್ಕಟ್ಟನ್ನು ಬಿಡಿಸಿದರೆ ಸಾಕು, ಒಳಪೊರೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಆ ಇಕ್ಕಟ್ಟನ್ನು ಜೀವಂತ ರೋಗಿಯಲ್ಲಿ ಸ್ಪಷ್ಟವಾಗಿ ನೋಡುವುದು ಹೇಗೆ? ಅದಕ್ಕೆ ಬೇಕಾದ ಕಣ್ಣನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಆಗಲೇ ರೂಪಿಸಿದ್ದರು. ಹಳೆಯ ಎಂಡೋಸ್ಕೋಪಿನಲ್ಲಿ ಗಾಳಿಯ ನಡುವೆ ತೆಳು ಮಸೂರಗಳಿದ್ದರೆ, ಹಾಪ್ಕಿನ್ಸ್ ಗಾಜಿನ ಉದ್ದ ಕಡ್ಡಿಗಳನ್ನೇ ಮಸೂರವಾಗಿಸಿದರು. ಬೆಳಕು ಬಹುಪಾಲು ಗಾಜಿನೊಳಗೇ ಸಾಗಿ ಚಿತ್ರ ಹಲವು ಪಟ್ಟು ನಿಚ್ಚಳವಾಯಿತು. ಅವರ ದೇಶದ ತಯಾರಕರು ಆಸಕ್ತಿ ತೋರಲಿಲ್ಲ. 1960ರ ದಶಕದಲ್ಲಿ ಅದನ್ನು ಕೈಗೆತ್ತಿಕೊಂಡದ್ದು ಜರ್ಮನಿಯ ಟುಟ್ಲಿಂಗೆನ್ ಊರಿನ ಕಾರ್ಲ್ ಸ್ಟೋರ್ಟ್ಸ್. ಮೆಸರ್‌ಕ್ಲಿಂಗರ್ ಅವರ ಶಿಷ್ಯ ಹೈನ್ಸ್ ಸ್ಟಾಂಬರ್ಗರ್, ಅಮೆರಿಕದ ಡೇವಿಡ್ ಕೆನಡಿ ಮುಂತಾದವರು 1980ರ ದಶಕದಲ್ಲಿ ಈ ವಿಧಾನವನ್ನು ಶಿಬಿರಗಳ ಮೂಲಕ ಜಗತ್ತಿಗೆಲ್ಲ ಕಲಿಸಿದರು. ಇವತ್ತು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಮುಖಕ್ಕೆ ಒಂದು ಗೆರೆ ಗಾಯವಾಗದಂತೆ ಸೈನಸ್ ಆಪರೇಷನ್ ನಡೆಯುವುದರ ಹಿಂದೆ ಗಾಜಿನ ಆ ಕಡ್ಡಿಗಳಿವೆ.

ಕಾಕ್ಲಿಯರ್ ಇಂಪ್ಲಾಂಟ್ ಮಾತ್ರ ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ. ಒಳಗಿವಿಯ ರೋಮಕೋಶಗಳು ಸತ್ತುಹೋದರೆ ಶ್ರವಣಯಂತ್ರ ಎಷ್ಟು ಜೋರು ಮಾಡಿದರೂ ಉಪಯೋಗವಿಲ್ಲ. ನರಕ್ಕೇ ನೇರವಾಗಿ ವಿದ್ಯುತ್ ಸಂಕೇತ ಮುಟ್ಟಿಸಬೇಕು. 1957ರಲ್ಲಿ ಪ್ಯಾರಿಸ್‌ನ ಆಂದ್ರೆ ಜೂರ್ನೊ ಎಂಬ ಸಂಶೋಧಕರೂ ಶಾರ್ಲ್ ಎರಿಯೆಸ್ ಎಂಬ ಕಿವಿ ವೈದ್ಯರೂ ಕೂಡಿ ಮೊದಲ ಬಾರಿಗೆ ಇದನ್ನು ಮಾಡಿ ನೋಡಿದರು. ಆ ಸುದ್ದಿಯಿಂದ ಹುರುಪುಗೊಂಡ ಲಾಸ್ ಏಂಜಲೀಸಿನ ವಿಲಿಯಂ ಹೌಸ್ 1961ರಲ್ಲಿ ತಮ್ಮ ಮೊದಲ ಇಂಪ್ಲಾಂಟ್ ಹಾಕಿದರು. ಹೌಸ್ ಮೊದಲು ದಂತವೈದ್ಯರಾಗಿ, ಆಮೇಲೆ ಕಿವಿಗೆ ಬಂದವರು! ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಅವರ ದಾರಿ ವೃತ್ತಿಜೀವನದ ದೃಷ್ಟಿಯಿಂದ ಇನ್ನೂ ವಿಚಿತ್ರ. ನಡೆಯುತ್ತಿದ್ದ ಪ್ರಾಕ್ಟೀಸ್ ಬಿಟ್ಟು, ಶ್ರವಣನರ ವಿದ್ಯುತ್ತಿಗೆ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡಲು ಹೋದರು. ಒಳಗಿವಿಯ ಸುರುಳಿಯಾದ ಭಾಗ ಕಾಕ್ಲಿಯದೊಳಕ್ಕೆ ಎಲೆಕ್ಟ್ರೋಡುಗಳ ಎಳೆಯನ್ನು ತೂರಿಸುವುದು ಹೇಗೆಂಬ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಸಮುದ್ರತೀರದಲ್ಲಿ: ಚಿಪ್ಪೊಂದರೊಳಗೆ ಹುಲ್ಲಿನ ಎಸಳನ್ನು ತೂರಿಸಿ, ತುದಿ ಬಳುಕುವಂತಿದ್ದು ಬುಡ ಗಟ್ಟಿಯಿದ್ದರೆ ಸುರುಳಿಯ ಒಳಕ್ಕೆ ಸಾಗುತ್ತದೆ ಎಂದು ಕಂಡುಕೊಂಡರು. 1978ರಲ್ಲಿ ಅವರ ತಂಡದ ಬಹುವಾಹಿನಿ ಇಂಪ್ಲಾಂಟ್ ಮೊದಲ ರೋಗಿಯ ಕಿವಿ ಸೇರಿತು. ಅದಕ್ಕೆ ಸ್ವಲ್ಪ ಮೊದಲೇ, 1977ರ ಕೊನೆಯಲ್ಲಿ, ವಿಯೆನ್ನಾದಲ್ಲಿ ಎಂಜಿನಿಯರ್ ದಂಪತಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ತಯಾರಿಸಿದ ಸಾಧನವನ್ನು ವೈದ್ಯ ಕರ್ಟ್ ಬುರಿಯಾನ್ ಅಳವಡಿಸಿದ್ದರು. ಆದರೂ ಶಬ್ದವನ್ನು ಮಾತಾಗಿ ತಿಳಿಯುವಂತೆ ಮಾಡಿದ ದೊಡ್ಡ ಹೆಜ್ಜೆ 1991ರದ್ದು. ಎಲೆಕ್ಟ್ರೋಡುಗಳು ಒಟ್ಟಿಗೆ ಮಿಡಿದು ಗೊಂದಲವೆಬ್ಬಿಸದೆ ಒಂದಾದ ಮೇಲೊಂದರಂತೆ ಅತಿವೇಗವಾಗಿ ಮಿಡಿಯುವ ಕ್ರಮವನ್ನು ಅಮೆರಿಕದ ಎಂಜಿನಿಯರ್ ಬ್ಲೇಕ್ ವಿಲ್ಸನ್ ಮತ್ತವರ ಸಂಗಡಿಗರು ಪ್ರಕಟಿಸಿದರು. 2013ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂದದ್ದು ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮೈರ್, ವಿಲ್ಸನ್ ಈ ಮೂವರಿಗೆ. ಮೂವರಲ್ಲಿ ಶಸ್ತ್ರವೈದ್ಯರು ಒಬ್ಬರೇ. ಜಗತ್ತಿನಲ್ಲಿ ಅಳವಡಿಸಿದ ಇಂಪ್ಲಾಂಟುಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ.

ಇದನ್ನು ಕೇಳಿದ ಶಸ್ತ್ರವೈದ್ಯರು ಒಂದು ನ್ಯಾಯವಾದ ಆಕ್ಷೇಪ ಎತ್ತಬಹುದು: ಎಂಜಿನಿಯರ್ ಏನೇ ಮಾಡಿಕೊಟ್ಟರೂ, ಮುಖದ ನರಕ್ಕೆ ಕೂದಲೆಳೆ ದೂರದಲ್ಲಿ ಮೂಳೆ ಕೊರೆಯುವ ಕೈ ನಮ್ಮದೇ ಅಲ್ಲವೇ? ಹೌದು. ಅದಕ್ಕಿಂತ ಮಿಗಿಲಾಗಿ, ಪ್ರಶ್ನೆಯೂ ಅವರದೇ. ಲೋಳೆಯ ದಾರಿ ಗೊತ್ತಿದ್ದ ಮೆಸರ್‌ಕ್ಲಿಂಗರ್ ಇಲ್ಲದಿದ್ದರೆ ಮೂಗಿಗೆ ಸಂಬಂಧಿಸಿದಂತೆ ಹಾಪ್ಕಿನ್ಸರ ಗಾಜಿನ ಕಡ್ಡಿ ಒಂದು ಚಂದದ ವಸ್ತುವಾಗಿ ಉಳಿಯುತ್ತಿತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೊಸತನದ ಉತ್ಸಾಹದಲ್ಲಿ ರೋಗಿಯೇ ಪ್ರಯೋಗದ ವಸ್ತುವಾಗುವ ಅಪಾಯ. ಹೌಸ್ ಅವರ ಮೇಲೆ ಸಹವೈದ್ಯರೂ ವಿಜ್ಞಾನಿಗಳೂ ಹರಿಹಾಯ್ದದ್ದು ಇದಕ್ಕೇ. ಆ ಟೀಕೆಯಲ್ಲಿ ಅರ್ಧ ನಿಜವಿತ್ತು. ಅವರ ಏಕವಾಹಿನಿ ಸಾಧನದಿಂದ ಮಾತು ಬಿಡಿಸಿ ಕೇಳುವುದು ಬಹುತೇಕರಿಗೆ ಆಗುತ್ತಿರಲಿಲ್ಲ. ವಾದ ಬಗೆಹರಿದದ್ದು ಅಳತೆಯಿಂದ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ರಾಬರ್ಟ್ ಬಿಲ್ಗರ್ ನೇತೃತ್ವದ ತಂಡ ಇಂಪ್ಲಾಂಟ್ ಹಾಕಿಸಿಕೊಂಡಿದ್ದ 13 ಮಂದಿಯನ್ನು ಪರೀಕ್ಷಿಸಿ 1977ರಲ್ಲಿ ವರದಿ ಕೊಟ್ಟಿತು. ಬರೀ ಕಿವಿಯಿಂದ ಮಾತು ತಿಳಿಯದು, ಆದರೆ ತುಟಿಚಲನೆ ಓದಲು, ಸುತ್ತಲ ಸದ್ದು ಗುರುತಿಸಲು ಖಂಡಿತ ನೆರವಾಗುತ್ತದೆ ಎಂದು ಅದು ಹೇಳಿತು. ಗೇಲಿಗೆ ಆಗದ ಕೆಲಸ ಹೊರಗಿನವರ ಈ ತಣ್ಣನೆಯ ಪರೀಕ್ಷೆಯಿಂದ ಆಯಿತು. 1984ರಲ್ಲಿ ಹೌಸ್ ಸಾಧನಕ್ಕೆ ಅಮೆರಿಕದ ಅನುಮತಿ ಸಿಕ್ಕಿತು.

ಮೂರನೆಯ ಆಕ್ಷೇಪ ಎತ್ತಿದವರು ಕಿವುಡರೇ. 1990ರಲ್ಲಿ ಅಮೆರಿಕ ಪುಟ್ಟ ಮಕ್ಕಳಿಗೂ ಇಂಪ್ಲಾಂಟ್ ಹಾಕಲು ಒಪ್ಪಿದಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಕಟುವಾಗಿ ಖಂಡಿಸಿತು. ಸಂಜ್ಞಾಭಾಷೆ ನಮ್ಮ ಪೂರ್ಣ ಭಾಷೆ, ನಮ್ಮನ್ನು ಕೇಳದೆ ನಮ್ಮ ಮಕ್ಕಳ ಬಗ್ಗೆ ತೀರ್ಮಾನಿಸಲು ನೀವು ಯಾರು ಎಂಬುದು ಅದರ ಒಟ್ಟು ನಿಲುವು. 2000ದಲ್ಲಿ ಸಂಘ ನಿಲುವನ್ನು ಸಡಿಲಿಸಿ, ಇಂಪ್ಲಾಂಟನ್ನು ಹಲವು ದಾರಿಗಳಲ್ಲಿ ಒಂದೆಂದು ಒಪ್ಪಿತಾದರೂ, ಮೊದಲ ಪ್ರಶ್ನೆ ಸುಳ್ಳಾಗಲಿಲ್ಲ. ನನ್ನ ವಾದಕ್ಕೆ ಇದು ತೊಡಕಲ್ಲ, ಅದರ ಮುಂದುವರಿಕೆ. ಎಂಜಿನಿಯರನ್ನು ಒಳಗೆ ಕರೆದ ವೈದ್ಯಕೀಯ, ಕಿವುಡು ಎಂದರೇನೆಂದು ಬದುಕಿ ಬಲ್ಲವರನ್ನು ಬಹಳ ಕಾಲ ಹೊಸ್ತಿಲಲ್ಲೇ ನಿಲ್ಲಿಸಿತ್ತು.

ಕೊನೆಯ ಆಕ್ಷೇಪ ನಮ್ಮ ಆಸ್ಪತ್ರೆಗಳದು. ಬೆಳಗ್ಗೆಯಿಂದ ಕಿವಿ ಸೋರುವ ಮಕ್ಕಳ ಸಾಲು, ಮಧ್ಯಾಹ್ನ ಆಪರೇಷನ್, ಇದರ ನಡುವೆ ಹೊಸತನಕ್ಕೆ ಪುರುಸೊತ್ತೆಲ್ಲಿ? ಆದರೆ ನಮ್ಮಲ್ಲಿ ಹೊಸತನದ ಅಗತ್ಯ ಹುಟ್ಟುವುದು ಆ ಸಾಲಿನಲ್ಲೇ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಮತ್ತೆ ಮಾತು ಬರಿಸುವ ಪುಟ್ಟ ಕವಾಟವನ್ನು ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ಸಿಂಗರ್ ಮತ್ತು ಮಾತಿನ ಚಿಕಿತ್ಸಕ ಎರಿಕ್ ಬ್ಲೋಮ್ ಜೊತೆಯಾಗಿ ರೂಪಿಸಿ 1980ರಲ್ಲಿ ಪ್ರಕಟಿಸಿದರು. ಅದು ಆಗಾಗ ಬದಲಿಸಬೇಕಾದ ವಸ್ತು, ವಿದೇಶದಿಂದ ಬಂದರೆ ಸಾವಿರಾರು ರೂಪಾಯಿ. ದುಡ್ಡಿಲ್ಲದ ರೋಗಿ ಮೌನವಾಗಿಯೇ ಉಳಿಯಬೇಕಾದ ಈ ಸ್ಥಿತಿಯನ್ನು ಕಂಡ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ವಿಶಾಲ್ ರಾವ್, ಉದ್ಯಮಿ ಗೆಳೆಯರೊಬ್ಬರ ಜೊತೆಗೂಡಿ ಸುಮಾರು ಐವತ್ತು ರೂಪಾಯಿಯ ‘ಓಂ’ ಧ್ವನಿಸಾಧನವನ್ನು ತಯಾರಿಸಿದರು. ನವಜಾತ ಶಿಶುಗಳ ಶ್ರವಣ ಪರೀಕ್ಷೆಗಾಗಿ 2017ರಲ್ಲಿ ಬಿಡುಗಡೆಯಾದ ‘ಸೋಹಂ’ ಉಪಕರಣದ ಹಿಂದಿದ್ದವರಲ್ಲಿ ಒಬ್ಬರಾದ ನೀತಿ ಕೈಲಾಸ್ ವಿನ್ಯಾಸಕಿ. ಮಗುವಿನ ತಲೆಗೆ ಎಲೆಕ್ಟ್ರೋಡು ಅಂಟಿಸಿ ಸದ್ದಿಗೆ ಮೆದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಈ ಸಾಧನ, ಉತ್ತರ ಹೇಳಲಾರದ ಕೂಸಿನಿಂದಲೇ ಉತ್ತರ ಪಡೆಯುತ್ತದೆ.

ಹಾಗಾದರೆ ಇಎನ್‌ಟಿ ಸೇರುವ ಯುವವೈದ್ಯರು ಮಾಡಬಹುದಾದ್ದೇನು? ಎಲ್ಲರೂ ಕ್ಲಾರ್ಕ್ ಅವರಂತೆ ಪ್ರಾಕ್ಟೀಸ್ ಬಿಡಬೇಕಿಲ್ಲ. ಇಂಪ್ಲಾಂಟ್ ಹಾಕಿದ ಮಗುವಿಗೆ ಆಪರೇಷನ್ ಕೆಲವು ಗಂಟೆಗಳ ಕೆಲಸ. ಸಾಧನವನ್ನು ಮಗುವಿನ ಕಿವಿಗೆ ಹೊಂದಿಸುವುದು, ಕೇಳಿದ್ದನ್ನು ಮಾತಾಗಿಸುವುದು ವರ್ಷಗಳ ಕೆಲಸ, ಅದು ಶ್ರವಣತಜ್ಞರ, ವಾಕ್‌ತಜ್ಞರ, ತಾಯಿತಂದೆಯರ ಪಾಲು. ಇಂಥ ತಜ್ಞರನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ತಯಾರು ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಶ್ರವಣತಜ್ಞರೆಂದರೆ ವೈದ್ಯರು ಬರೆದುಕೊಟ್ಟ ಪರೀಕ್ಷೆ ಮಾಡಿ ಚೀಟಿ ಕೊಡುವವರು ಎಂಬ ಭಾವನೆ ಹೋಗಿಲ್ಲ. ಎಂ.ಎಸ್. ವಿದ್ಯಾರ್ಥಿಗಳೆಲ್ಲ ಪ್ರಬಂಧ ಬರೆಯಲೇಬೇಕು. ಹಲವು ಪ್ರಬಂಧಗಳು ಪರೀಕ್ಷೆಯ ಮರುದಿನವೇ ಕಪಾಟು ಸೇರುತ್ತವೆ. ಅದೇ ಪ್ರಬಂಧಕ್ಕೆ ಇಎನ್‌ಟಿ ಪ್ರಾಧ್ಯಾಪಕರ ಜೊತೆ ಒಬ್ಬ ಶ್ರವಣತಜ್ಞರನ್ನೋ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರನ್ನೋ ಸಹಮಾರ್ಗದರ್ಶಕರಾಗಿ ಸೇರಿಸಿಕೊಂಡರೆ, ಕಿವಿ ಸೋರುವ ಮಕ್ಕಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುರುತಿಸಬಲ್ಲ ಅಗ್ಗದ ದೀಪ-ಮಸೂರವೊಂದಾದರೂ ಆ ಮೂರು ವರ್ಷಗಳಲ್ಲಿ ಹುಟ್ಟೀತು.