ಕಾರಿನ ರೋಟರಿ ಎಂಜಿನ್ ವಿಮಾನ ಹತ್ತಿದಾಗ

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವ ಹವ್ಯಾಸಿಗಳು ಸಾವಿರಾರು ಮಂದಿ. ಅನೇಕರು ಕೊಳ್ಳುವುದು ಲೈಕಮಿಂಗ್ ಕಂಪನಿಯ ಎಂಜಿನ್ನನ್ನು. ಅದು ನಂಬಿಕಸ್ಥ, ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಷ್ಟು ದುಡ್ಡು ತೆರಲೊಲ್ಲದ ಕೆಲವರ ಕಣ್ಣು ಗುಜರಿ ಸೇರಿದ ಮಜ್ದಾ ಆರ್‌ಎಕ್ಸ್-7 ಕಾರುಗಳ ಮೇಲೆ ಬಿತ್ತು.

ಆ ಕಾರಿನ 13ಬಿ ಎಂಜಿನ್ ವ್ಯಾಂಕೆಲ್ ಜಾತಿಯದು. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ಈ ಬಗೆಯ ಮೊದಲ ಎಂಜಿನ್ ಓಡಿದ್ದು 1957ರಲ್ಲಿ. ಇದಕ್ಕೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಎರಡು ಕಾಳಿನ ಶೇಂಗಾಕಾಯಿಯ ಆಕಾರದ ಗೂಡಿನೊಳಗೆ ಉಬ್ಬುಬದಿಯ ತ್ರಿಕೋನ ರೋಟರ್ ಸುತ್ತುತ್ತದೆ. 13ಬಿಯಲ್ಲಿ ಇಂಥ ರೋಟರ್ ಎರಡು. ಒಟ್ಟು ಗಾತ್ರ 1.3 ಲೀಟರ್. ಒಂದೊಂದು ರೋಟರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ರೋಟರಿನ ತುದಿಯ ಸೀಲ್ ಮುರಿದರೂ ಎಂಜಿನ್ ಸಾಮಾನ್ಯವಾಗಿ ಒಮ್ಮೆಲೇ ಬಿಗಿದು ನಿಲ್ಲುವುದಿಲ್ಲ, ಬಲ ಕುಂದಿಸಿಕೊಂಡು ತಿರುಗುತ್ತಲೇ ಇರುತ್ತದೆ. ಆಕಾಶದಲ್ಲಿರುವವರಿಗೆ ಇದು ಸಣ್ಣ ಮಾತಲ್ಲ.

ತೊಡಕೆಲ್ಲ ಎಂಜಿನ್ನಿನ ಹೊರಗೆ. 13ಬಿ ಶಕ್ತಿ ತೋರುವುದೇ ನಿಮಿಷಕ್ಕೆ 6000 ಸುತ್ತಿನ ಆಸುಪಾಸಿನಲ್ಲಿ. 1.83 ಮೀಟರ್ ಉದ್ದದ ಪ್ರೊಪೆಲ್ಲರನ್ನು ಆ ವೇಗದಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 570 ಮೀಟರಿಗೂ ಹೆಚ್ಚು ಓಡುತ್ತದೆ, ಶಬ್ದವನ್ನೂ ಹಿಂದೆ ಹಾಕುತ್ತದೆ. ಆಗ ಸದ್ದೇ ಹೆಚ್ಚು, ಎಳೆತ ಕಡಿಮೆ. ಹಾಗಾಗಿ ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸ್ ಬೇಕೇ ಬೇಕು. 2.17ಕ್ಕೆ 1ರ ಗೇರ್ ಹಾಕಿದರೆ ಪ್ರೊಪೆಲ್ಲರ್ ಸುಮಾರು 2765 ಸುತ್ತಿಗೆ ಇಳಿಯುತ್ತದೆ.

ಗೇರ್ ಹೇಗೋ ಸಿಗುತ್ತದೆ. ನಿಜವಾಗಿ ನಿದ್ದೆಗೆಡಿಸುವುದು ಬಿಸಿ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವ ಕಾರು ಎಂಜಿನ್ನಿನ ಶಕ್ತಿಯಲ್ಲಿ ಅಲ್ಪಭಾಗವನ್ನಷ್ಟೇ ಬಳಸುತ್ತದೆ. ವಿಮಾನವೋ ಪೂರ್ಣ ಬಲದಲ್ಲಿ ನೆಲ ಬಿಟ್ಟು, ಆಮೇಲೂ ಮುಕ್ಕಾಲರಷ್ಟು ಬಲದಲ್ಲಿ ಗಂಟೆಗಟ್ಟಲೆ ಹಾರುತ್ತದೆ. 13ಬಿಯಲ್ಲಿ ರೋಟರಿನ ಒಡಲನ್ನು ತಂಪಾಗಿಸುವುದು ಎಣ್ಣೆಯೇ. ಆದ್ದರಿಂದ ನೀರಿನ ರೇಡಿಯೇಟರಿನ ಜೊತೆಗೆ ದೊಡ್ಡ ಆಯಿಲ್ ಕೂಲರಿಗೂ ಜಾಗ ಹುಡುಕಬೇಕು. ಅವೆರಡಕ್ಕೂ ಗಾಳಿ ಊಡುವ ಬಾಯಿ ಕಿರಿದಾದರೆ ಎಂಜಿನ್ ಕಾಯುತ್ತದೆ, ಹಿರಿದಾದರೆ ಗಾಳಿಯ ತಡೆ ಹೆಚ್ಚಿ ವಿಮಾನ ನಿಧಾನವಾಗುತ್ತದೆ. ಹೊಗೆಕೊಳವೆಯ ಪಾಡಂತೂ ಕೇಳುವುದೇ ಬೇಡ. ಇನ್ನೂ ಉರಿಯುತ್ತಲೇ ಇರುವ ಅನಿಲ ಅದರೊಳಕ್ಕೆ ನುಗ್ಗುತ್ತದೆ. ತೆಳು ಸ್ಟೀಲಿನ ಸೈಲೆನ್ಸರು ಬಿರುಕು ಬಿಡುತ್ತದೆ. ಪೆಟ್ರೋಲೂ ತುಸು ಹೆಚ್ಚೇ ಬೇಕು, ಆದರೆ ಬಂಕಿನಲ್ಲಿ ಸಿಗುವ ಕಾರಿನ ಪೆಟ್ರೋಲೇ ಸಾಕು.

ಕಾರ್ಖಾನೆಗಳೂ ಈ ದಾರಿ ತುಳಿದಿವೆ. ಜರ್ಮನಿಯ ಎಎಸ್‌ಎಚ್ 26ಇ ಗ್ಲೈಡರಿನಲ್ಲಿರುವುದು ಒಂದೇ ರೋಟರಿನ ಎಂಜಿನ್. ಅದು ಒಡಲೊಳಗೇ ಕೂತು, ಮೇಲೆದ್ದ ಪ್ರೊಪೆಲ್ಲರನ್ನು ಬೆಲ್ಟಿನಿಂದ ತಿರುಗಿಸುತ್ತದೆ. ಆದರೆ ಅದು ವಿಮಾನಕ್ಕೆಂದು ರೂಪಿಸಿದ ಎಂಜಿನ್. ಕಾರಿನದನ್ನು ಕೂರಿಸಿದವರಿಗೆ ಅಮೆರಿಕದ ರೂಢಿಯ ನಿಯಮ ಬೇರೆ: ಗೊತ್ತುಮಾಡಿದ ಪ್ರದೇಶದೊಳಗೆ, ಪ್ರಯಾಣಿಕರಿಲ್ಲದೆ, 40 ಗಂಟೆ ಹಾರಿ ತೋರಿಸಬೇಕು. ಪ್ರಮಾಣಪತ್ರವಿರುವ ಎಂಜಿನ್, ಪ್ರೊಪೆಲ್ಲರ್ ಜೋಡಿಗಾದರೆ 25 ಗಂಟೆ.