ಬಿಸಿಲಲ್ಲೂ ನೆಗಡಿ! ತಪ್ಪು ಐಸ್‌ಕ್ರೀಮ್‌ದಾ?

ಹೊರಗೆ ಬಿಸಿಲು ಧಗಧಗ, ಒಳಗೆ ಮೂಗು ಸೊರಸೊರ. ‘ಐಸ್‌ಕ್ರೀಮ್ ತಿಂದ್ಯಲ್ಲ, ಅದಕ್ಕೇ’ ಅಂತ ಮನೆಯಲ್ಲಿ ಬೈಗುಳ ಬೇರೆ. ಇವತ್ತು ನಾನು ಐಸ್‌ಕ್ರೀಮ್ ಪರ ವಾದ ಮಾಡ್ತೀನಿ.

ನೆಗಡಿ ಬರೋದು ವೈರಸ್‌ನಿಂದ. ತಣ್ಣಗಿನ ಪದಾರ್ಥ ಗಂಟಲಿಗೆ ಕಿರಿಕಿರಿ ಮಾಡಬಹುದು, ವೈರಸ್ ಹುಟ್ಟಿಸೋದಿಲ್ಲ. ಹೆಚ್ಚು ನೆಗಡಿ ತರೋದು ರೈನೋವೈರಸ್. ಇದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಹಾಗಾಗಿ ಹೋದ ತಿಂಗಳು ನೆಗಡಿ ಆಗಿದ್ದವರಿಗೆ ಈ ತಿಂಗಳೂ ಆಗಬಹುದು. ಎಂಟೆರೋವೈರಸ್, ಅಡೆನೋವೈರಸ್‌ಗಳಿಗೂ ಬೇಸಿಗೆ ರಜೆ ಇಲ್ಲ.

ಮತ್ತೆ ಎಸಿ? ಅದು ನೇರವಾಗಿ ನೆಗಡಿ ಕೊಡಲ್ಲ. ಆದರೆ ಕೋಣೆಯ ಗಾಳಿಯ ತೇವ ಕಡಿಮೆ ಮಾಡುತ್ತೆ. ವೈರಸ್ಸನ್ನು ಹಿಡಿದು ಹೊರಹಾಕೋದು ಮೂಗಿನೊಳಗಿನ ಅಂಟು ಪದರ. ಅದು ಒಣಗಿದರೆ ಕಾವಲು ಸಡಿಲ. ಮೇಲಾಗಿ ಕಿಟಕಿ ಮುಚ್ಚಿದ ಪಿಜಿ ರೂಮು, ಆಫೀಸ್ ಕ್ಯಾಬ್‌ಗಳಲ್ಲಿ ಒಬ್ಬರು ಸೀನಿದ ಗಾಳಿಯೇ ಎಲ್ಲರಿಗೂ. ಇನ್ನು ನಮ್ಮ ಕೈ. ಮೂಗು ಒರೆಸ್ತೀವಿ, ಫೋನ್ ಹಿಡೀತೀವಿ, ‘ಈ ರೀಲ್ ನೋಡೋ’ ಅಂತ ಅದನ್ನೇ ಗೆಳೆಯನ ಕೈಗೆ ಕೊಡ್ತೀವಿ!

ಎಲ್ಲ ಸೀನೂ ನೆಗಡಿಯಲ್ಲ. ಕಣ್ಣು ತುರಿಕೆ, ನೀರಿನಂಥ ಸಿಂಬಳ, ಜ್ವರ ಇಲ್ಲ, ವಾರಗಟ್ಟಲೆ ಹೋಗ್ತಾನೇ ಇಲ್ಲ ಅಂದ್ರೆ ಅಲರ್ಜಿ ಇರಬಹುದು. ಖಾಲಿ ಸೈಟುಗಳಲ್ಲಿ ಬೆಳೆಯೋ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡದ ಪರಾಗದಿಂದಲೂ ಹೀಗಾಗುತ್ತೆ. ಮಾಮೂಲಿ ನೆಗಡಿಯಾದರೆ ಏಳರಿಂದ ಹತ್ತು ದಿನದಲ್ಲಿ ತಾನಾಗೇ ಇಳಿಯುತ್ತೆ.

ನನಗೆ ಸಿಟ್ಟು ಬರೋದು ಒಂದೇ ವಿಷಯಕ್ಕೆ. ಮೆಡಿಕಲ್ ಶಾಪ್‌ಗೆ ಹೋಗಿ ‘ಅಜಿತ್ರೋಮೈಸಿನ್ ಕೊಡಿ’ ಅನ್ನೋದು. ಅದು ಆ್ಯಂಟಿಬಯೋಟಿಕ್, ಬ್ಯಾಕ್ಟೀರಿಯಾಕ್ಕೆ ಮಾತ್ರ, ವೈರಸ್ಸಿಗೆ ಏನೂ ಮಾಡಲ್ಲ. ಸುಮ್ಮಸುಮ್ಮನೆ ನುಂಗಿದರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಂತಾಗುತ್ತವೆ. ನಾಳೆ ನ್ಯುಮೋನಿಯಾ ಬಂದಾಗ ಅದೇ ಮಾತ್ರೆ ಕೈಕೊಟ್ಟರೆ?

ನಮ್ಮಜ್ಜಿಗೆ ಆಸ್ತಮಾ. ನನಗೆ ಎರಡು ದಿನದ ಕಿರಿಕಿರಿ ಅನ್ನಿಸೋ ವೈರಸ್ ಅವರಿಗೆ ಉಸಿರೇ ಕಟ್ಟಿಸಬಹುದು. ಅದಕ್ಕೇ ಸೀನು ಶುರುವಾದ್ರೆ ಮಾಸ್ಕ್ ಹಾಕ್ಕೋತೀನಿ, ಅಜ್ಜಿ ರೂಮಿಗೆ ಹೋಗಲ್ಲ, ಟವೆಲ್ ಬೇರೆ ಇಟ್ಕೋತೀನಿ. ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯೋದು, ಫೋನ್ ಒರೆಸೋದು, ದಿನಕ್ಕೆರಡು ಸಲ ಕಿಟಕಿ ತೆಗೆಯೋದು. ಬಿಸಿ ಸಾರು, ಉಪ್ಪುನೀರಿನ ಗಂಟಲು ಮುಕ್ಕಳಿಕೆ, ನಿದ್ದೆ ಆರಾಮ ಕೊಡುತ್ತವೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡ.

ಜ್ವರ ಮೂರು ದಿನ ದಾಟಿದರೆ, ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ ಕಷಾಯ ಕುಡಿದು ಕೂರಬೇಡಿ. ಡಾಕ್ಟರ್ ಹತ್ರ ಹೋಗಿ.