ಛಾಯಾಚಿತ್ರ ತೆಗೆಯುವವರಿಗೆ ಕೆಲವು ಮಾತುಗಳು



ಒಂದು ಕಾಲದಲ್ಲಿ ಛಾಯಾಚಿತ್ರವೆಂದರೆ ಸ್ಟುಡಿಯೋಕ್ಕೆ ಹೋಗಿ, ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತುಕೊಳ್ಳುವ ವ್ಯವಹಾರವಾಗಿದ್ದಿತು. ಈಗಲಾದರೋ ಒಬ್ಬೊಬ್ಬರ ಜೇಬಿನ ದೂರವಾಣಿಯಲ್ಲಿಯೂ ಒಂದು ಕ್ಯಾಮರಾ ಅಡಗಿ ಕುಳಿತಿದೆ. ಚಿತ್ರಗಳ ಸಂಖ್ಯೆ ಬೆಳೆಯಿತು. ಗುಣವೂ ಅದೇ ಪ್ರಮಾಣದಲ್ಲಿ ಬೆಳೆಯಿತೆಂದು ಹೇಳಲು ನನಗೆ ಧೈರ್ಯ ಸಾಲದು. ಯಂತ್ರ ಹಳೆಯದಾಯಿತೆಂದು ಹೊಸದನ್ನು ಕೊಳ್ಳುವವರು ಬಹಳ. ನೋಡುವ ಬಗೆಯನ್ನು ತಿದ್ದಿಕೊಳ್ಳುವವರು ಕಡಮೆ. ತುಮಕೂರು, ಗುಬ್ಬಿ, ಕುಣಿಗಲುಗಳ ಕೆಲವು ಸ್ಥಳಗಳನ್ನು ನಿಮಿತ್ತವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಕ್ಯಾಮರಾ ಎಂಬುದು ಬೆಳಕನ್ನು ಅಳೆದು ಒಳಗೆ ಬಿಡುವ ಒಂದು ಕತ್ತಲೆಯ ಪೆಟ್ಟಿಗೆ. ಅಳತೆ ಮೂರು ಬಗೆ. ಮಸೂರದ ಕಿಂಡಿ ಎಷ್ಟು ಅಗಲ, ಷಟರು ಎಷ್ಟು ಹೊತ್ತು ತೆರೆದಿರುತ್ತದೆ, ಬೆಳಕನ್ನು ಗ್ರಹಿಸುವ ಫಲಕದ ಸೂಕ್ಷ್ಮತೆ ಎಷ್ಟು, ಇಷ್ಟೆ. ಕಿಂಡಿಯ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಹೊಸಬರಿಗೆ ಇದೊಂದು ತೊಡಕು. ಹಳಬರ ಲೆಕ್ಕವೊಂದು ಈಗಲೂ ಸುಳ್ಳಾಗಿಲ್ಲ: ನಿರ್ಮಲವಾದ ಬಿಸಿಲಿನಲ್ಲಿ ಕಿಂಡಿಯನ್ನು 16ಕ್ಕೆ ಇಟ್ಟರೆ, ಸೂಕ್ಷ್ಮತೆ 100 ಇದ್ದಾಗ ಷಟರು ಸೆಕೆಂಡಿನ 125ರಲ್ಲಿ ಒಂದು ಭಾಗ ತೆರೆದರೆ ಸಾಕು. ಕಿಂಡಿಯನ್ನು 8ಕ್ಕೆ ಅಗಲಿಸಿದರೆ ನಾಲ್ಕು ಪಾಲು ಬೆಳಕು ಬರುತ್ತದೆ. ಆಗ ಷಟರನ್ನು 500ರಲ್ಲಿ ಒಂದು ಭಾಗಕ್ಕೆ ಇಳಿಸಬೇಕು. ಅಗಲವಾದ ಕಿಂಡಿ ಹಿನ್ನೆಲೆಯನ್ನು ಮಸುಕುಮಾಡುತ್ತದೆ; ಕಿರಿದಾದುದು ಹತ್ತಿರದ ಕಲ್ಲನ್ನೂ ದೂರದ ಗುಡ್ಡವನ್ನೂ ಒಟ್ಟಿಗೆ ಸ್ಪಷ್ಟಗೊಳಿಸುತ್ತದೆ.

ತುಮಕೂರಿನ ಸಮೀಪದಲ್ಲಿ, ಗೂಳೂರಿನ ಬಳಿ, ಕೈದಾಳವಿದೆ. ಶಿಲ್ಪಿ ಜಕಣಾಚಾರಿಯು ಕಳೆದುಕೊಂಡ ಕೈಯನ್ನು ಮರಳಿ ಪಡೆದ ಊರೆಂದು ಐತಿಹ್ಯ. ಇಲ್ಲಿಯ ಚೆನ್ನಕೇಶವ ದೇವಾಲಯಕ್ಕೆ ಹೋದವರು ಬಹುಮಟ್ಟಿಗೆ ನಡುಹಗಲಿನಲ್ಲಿ ಹೋಗಿ, ಕಂಬದ ಎದುರಿಗೆ ನೇರವಾಗಿ ನಿಂತು ಒಂದು ಚಿತ್ರ ತೆಗೆದು ಹೊರಡುತ್ತಾರೆ. ಮನೆಗೆ ಬಂದು ನೋಡಿದರೆ ಶಿಲ್ಪವೆಲ್ಲ ಚಪ್ಪಟೆ! ಕೆತ್ತನೆಯ ಜೀವವಿರುವುದು ನೆರಳಿನಲ್ಲಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಕಲ್ಲನ್ನು ಸವರಿಕೊಂಡು ಹೋಗುವಾಗ ಮಾತ್ರವೇ ಉಳಿಯ ಒಂದೊಂದು ಗೀರೂ ಮೂಡಿ ನಿಲ್ಲುತ್ತದೆ. ಕ್ಯಾಮರಾಕ್ಕೆ ಅಂಟಿದ ಫ್ಲಾಷ್ ದೀಪ ಆ ನೆರಳನ್ನು ಅಳಿಸಿಬಿಡುತ್ತದಾದ್ದರಿಂದ ಅದನ್ನು ಬಳಸಕೂಡದು. ಒಳಗಿನ ಮಂದ ಬೆಳಕಿಗೆ ಅರ್ಚಕರ ಅನುಮತಿ ಪಡೆದು ಮುಕ್ಕಾಲಿಯನ್ನು ಊರಿ, ಒಂದೆರಡು ಸೆಕೆಂಡು ಷಟರನ್ನು ತೆರೆದಿಡುವುದು ಮೇಲು.

ಇನ್ನೊಂದು ಸೂಕ್ಷ್ಮ. ಕ್ಯಾಮರಾದ ಬೆಳಕಿನ ಮಾಪಕವು ಲೋಕವೆಲ್ಲ ಬೂದುಬಣ್ಣದ್ದೆಂದು ನಂಬಿ ಕೂತಿದೆ. ಎಣ್ಣೆಯಲ್ಲಿ ಮಿಂದ ಕರಿಯ ವಿಗ್ರಹವನ್ನು ಕಂಡರೆ ಇದು ಕತ್ತಲೆಯೆಂದು ಬಗೆದು ಹೆಚ್ಚು ಬೆಳಕು ಬಿಡುತ್ತದೆ. ವಿಗ್ರಹ ಬೂದಿ ಬಳಿದಂತಾಗುತ್ತದೆ. ಬಿಳಿಯ ಪಂಚೆಯನ್ನು ಕಂಡರೆ ಬೆಳಕನ್ನು ತಡೆದು ಅದನ್ನು ಮಾಸಲು ಮಾಡುತ್ತದೆ. ಆದುದರಿಂದ ಕಪ್ಪಿಗೆ ಬೆಳಕನ್ನು ಒಂದು ಮೆಟ್ಟಲು ಇಳಿಸಿರಿ, ಬಿಳುಪಿಗೆ ಏರಿಸಿರಿ. ದೂರವಾಣಿಯಲ್ಲಿಯೂ ತೆರೆಯನ್ನು ಮುಟ್ಟಿ ಬೆರಳನ್ನು ಜಾರಿಸಿದರೆ ಈ ಹೊಂದಿಕೆ ಸಾಧ್ಯ.

ಇಂತಹ ಚಿತ್ರಗಳು ಬರಿಯ ವಿನೋದವಲ್ಲ. ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1917ರಲ್ಲಿ ಸೋಮನಾಥಪುರದ ದೇವಾಲಯವನ್ನೂ 1919ರಲ್ಲಿ ಬೇಲೂರಿನ ದೇವಾಲಯವನ್ನೂ ಕುರಿತು ಛಾಯಾಚಿತ್ರಸಹಿತವಾದ ಪುಸ್ತಕಗಳನ್ನು ಹೊರತಂದರು. ಒಂದು ಮೂರ್ತಿಯ ಕೈ ಮುರಿದದ್ದು ಯಾವಾಗ, ಒಂದು ಗೋಡೆಗೆ ಸುಣ್ಣ ಬಳಿದದ್ದು ಯಾವಾಗ ಎಂಬ ವಿವಾದಕ್ಕೆ ಹಳೆಯ ಚಿತ್ರಕ್ಕಿಂತ ನಂಬತಕ್ಕ ಸಾಕ್ಷಿ ಸಿಕ್ಕುವುದು ಅಪೂರ್ವ.

ಜನಪದರು ಹಾಡಿ ಹೊಗಳಿದ ಕುಣಿಗಲು ಕೆರೆಗೆ ಬರೋಣ. ನೀರು ಮತ್ತು ಆಕಾಶ ಇವೆರಡೂ ಖಾಲಿಯಾದ ವಸ್ತುಗಳು. ದಿಗಂತದ ಗೆರೆಯನ್ನು ಚಿತ್ರದ ನಟ್ಟನಡುವೆ ಇಟ್ಟರೆ ಚೌಕಟ್ಟು ಎರಡು ಸಮಪಾಲಾಗಿ, ಕಣ್ಣು ಎಲ್ಲಿಯೂ ನಿಲ್ಲದು. ಮೋಡ ಸೊಗಸಾಗಿದ್ದರೆ ಗೆರೆಯನ್ನು ಕೆಳಗಿನ ಮೂರನೆಯ ಒಂದು ಪಾಲಿಗೆ ಇಳಿಸಿರಿ. ನೀರಿನ ಪ್ರತಿಬಿಂಬ ಸೊಗಸಾಗಿದ್ದರೆ ಮೇಲಕ್ಕೆ ಏರಿಸಿರಿ. ಏರಿಯ ಮೇಲಿನ ಒಂದು ಮರವನ್ನೋ, ಬಟ್ಟೆ ಒಗೆಯುವವರನ್ನೋ ಮುಂದೆ ತಂದುಕೊಂಡರೆ ಕೆರೆಯ ವಿಸ್ತಾರ ಅರ್ಥವಾಗುತ್ತದೆ. ಗೆರೆ ವಾಲಿದರೆ ಕೆರೆಯ ನೀರೆಲ್ಲ ಒಂದು ಕಡೆಗೆ ಚೆಲ್ಲಿಹೋಗುವಂತೆ ತೋರುತ್ತದೆ. ಎಷ್ಟು ಜನ ಇದನ್ನು ಗಮನಿಸುವುದಿಲ್ಲವೋ!

ಕುಣಿಗಲು ಕುದುರೆಗಳಿಗೂ ಹೆಸರಾದ ಊರಷ್ಟೆ. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುತ್ತವೆಯೇ ಎಂಬ ಹಳೆಯ ಚರ್ಚೆಯನ್ನು 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತನು ಸಾಲು ಕ್ಯಾಮರಾಗಳನ್ನಿಟ್ಟು ತೀರ್ಮಾನಿಸಿದನು. ಬಿಡುತ್ತವೆ, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿದಾಗ. ಆ ಕ್ಷಣ ಬೇಕೆಂದರೆ ಷಟರು 1000ರಲ್ಲಿ ಒಂದು ಭಾಗವಿರಲಿ. ವೇಗದ ಭಾವನೆ ಬೇಕೆಂದರೆ 30ರಲ್ಲಿ ಒಂದು ಭಾಗಕ್ಕೆ ಇಳಿಸಿ, ಕುದುರೆಯೊಡನೆಯೇ ಕ್ಯಾಮರಾವನ್ನು ತಿರುಗಿಸುತ್ತ ಒತ್ತಿರಿ. ಹಿನ್ನೆಲೆ ಗೆರೆಗೆರೆಯಾಗಿ ಕುದುರೆ ಮಾತ್ರ ನಿಲ್ಲುತ್ತದೆ. ಹತ್ತಕ್ಕೆ ಒಂದು ಸರಿಬಂದರೆ ಲಾಭವೆಂದೇ ತಿಳಿಯಬೇಕು.

ಗುಬ್ಬಿಯ ತೆಂಗು ಅಡಕೆಯ ತೋಟಗಳಲ್ಲಿ ಮನೆಯವರನ್ನು ನಿಲ್ಲಿಸಿ ಪಟ ಹಿಡಿಯುವುದು ಎಲ್ಲರಿಗೂ ಇಷ್ಟ. ಆದರೆ ಗರಿಗಳ ಸಂದಿನಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ, ಒಂದು ಕಣ್ಣು ಬೆಳ್ಳಗೆ, ಒಂದು ಕಣ್ಣು ಕಪ್ಪಗೆ ಕಾಣುತ್ತದೆ. ಮೋಡ ಬರುವವರೆಗೆ ಕಾಯಿರಿ, ಇಲ್ಲವೆ ಜಗುಲಿಯ ನೆರಳಿಗೆ ಕರೆತನ್ನಿರಿ. ಮಕ್ಕಳ ಚಿತ್ರಕ್ಕೆ ನೀವೇ ಬಗ್ಗಿ ಕ್ಯಾಮರಾವನ್ನು ಅವರ ಕಣ್ಣಿನ ಮಟ್ಟಕ್ಕೆ ತರಬೇಕು. ತಲೆಯ ಹಿಂದೆ ಕಂಬ ಮೊಳೆತಿಲ್ಲವಷ್ಟೆ ಎಂದು ಒತ್ತುವ ಮುನ್ನ ಒಮ್ಮೆ ನೋಡಿಕೊಳ್ಳಿರಿ.

ಗುಬ್ಬಿಯೆಂದಮೇಲೆ ನಾಟಕವನ್ನು ಬಿಡುವಂತಿಲ್ಲ. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಪ್ರಸಿದ್ಧ. ಆ ಕಾಲದ ಫಿಲ್ಮು ಮಂದ. ರಂಗದ ದೀಪದಲ್ಲಿ ಚಲನೆ ಹಿಡಿಯುವುದು ಕಷ್ಟವಾಗಿತ್ತು. ಇಂದು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕುಳಿತು ಸೂಕ್ಷ್ಮತೆಯನ್ನು 1600ಕ್ಕೆ ಏರಿಸಿ, ಕತ್ತಲೆಯ ಪರದೆಗಲ್ಲದೆ ನಟನ ಮುಖಕ್ಕೆ ಬೆಳಕನ್ನು ಅಳೆದು, ಮಾತು ಮುಗಿದು ಆತ ಅರೆಕ್ಷಣ ನಿಲ್ಲುವಾಗ ಒತ್ತಿದರೆ ಸಾಕು.

ಕಡೆಯದಾಗಿ ಒಂದು ಕೆಲಸ ಉಳಿಯುತ್ತದೆ. ಹಳೆಯ ಮನೆಗಳ ಗೋಡೆಯ ಮೇಲೆ ಮದುವೆಯ ಗುಂಪಿನ ಪಟಗಳಿರುತ್ತವೆ. ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲ ಅಜ್ಜಿ ತೀರಿಕೊಂಡ ದಿನ ಆ ಪಟ ಮೂಕವಾಗುತ್ತದೆ. ಆಕೆ ಇರುವಾಗಲೇ ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಹೊಸ ಚಿತ್ರಗಳಲ್ಲಿಯೂ ವರ್ಷಕ್ಕೆ ಹತ್ತಿಪ್ಪತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚುಹಾಕಿಸಿ, ಊರು, ತಿಂಗಳು, ಇದ್ದವರ ಹೆಸರು ಇಷ್ಟನ್ನು ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಬರೆದಿಡಿರಿ. ಮಸಿಯಿಂದ ಬರೆದರೆ ಮುಂದಿನ ಮುಖಕ್ಕೆ ಇಳಿಯುವ ಭಯವುಂಟು.